ಬಾಡಿಗೆಗೆ ಮೊದಲ ಮನೆ: ಎಲ್ಲಿ ಕೊಳ್ಳೋಣ?

ಯುಗಾದಿ ಊಟದ ದಿನ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದಾಗ, ನಮ್ಮ ಕೂಟಕ್ಕೆ ಹೊಸದಾಗಿ ಸೇರಿದ ದಂಪತಿಗಳು ನಮ್ಮನ್ನು ಹಿಡಿದು ನಿಲ್ಲಿಸಿದರು. "ಅಕ್ಕಾ, ಸ್ವಲ್ಪ ದುಡ್ಡು ಕೂಡಿಟ್ಟಿದ್ದೀವಿ. ಬಾಡಿಗೆಗೆ ಕೊಡೋದಕ್ಕೆ ಒಂದು ಮನೆ ತೊಗೊಳ್ಳೋಣ ಅಂತ. ಎಲ್ಲಿ ತೊಗೊಂಡರೆ ಒಳ್ಳೇದು?" ಪಂಕ್ತಿಯಲ್ಲಿ ಕೂತವರೆಲ್ಲ ತುಪ್ಪಕ್ಕೆ ಕಾಯುತ್ತಿದ್ದರು. "ಅಂಕಣದಲ್ಲಿ ಬರೆಯುತ್ತೇವೆ" ಎಂದು ತಪ್ಪಿಸಿಕೊಂಡೆವು. ಸಂಪಾದಕರು ಅದೇ ಪಂಕ್ತಿಯಲ್ಲಿ ಕೂತಿದ್ದರು. ಇನ್ನು ಬರೆಯದೆ ಗತಿಯಿಲ್ಲ.

ಮೊದಲೇ ಹೇಳಿಬಿಡುತ್ತೇವೆ: ನಮ್ಮ ಕಸುಬು ರಸಾಯನಶಾಸ್ತ್ರ, ಮನೆ ವ್ಯಾಪಾರವಲ್ಲ. ಈ ರಾಚೆಸ್ಟರ್ ಊರಿನಲ್ಲಿ ಎರಡು ಸಂಸಾರ ಇರಬಹುದಾದ ಒಂದು ಹಳೆಯ ಮನೆ ಕೊಂಡು ಬಾಡಿಗೆಗೆ ಕೊಟ್ಟಿದ್ದೇವೆ, ಅಷ್ಟೆ. ಆದರೆ ಅದನ್ನು ಕೊಳ್ಳುವ ಮುಂಚೆ ಎರಡು ಸಲ ಎಡವಿದೆವು, ಮೂರನೆಯ ಸಲ ಬೀಳುವುದರಲ್ಲಿದ್ದೆವು. ಅದನ್ನೇ ಹೇಳುತ್ತೇವೆ. ಜಾಣತನಕ್ಕಿಂತ ಎಡವಿದ್ದೇ ಹೆಚ್ಚು ಉಪಯೋಗಕ್ಕೆ ಬಂದೀತು.

ಮೊದಲ ಎಡವು ಎಲ್ಲರಿಗೂ ಗೊತ್ತಿರುವುದೇ: ಬೆಂಗಳೂರಿನ ಸೈಟು. ಊರಿನಿಂದ ಫೋನು ಬಂದಾಗಲೆಲ್ಲ ಒಂದು ಸೈಟಿನ ಸುದ್ದಿ ಇದ್ದೇ ಇರುತ್ತಿತ್ತು. ಒಮ್ಮೆ ಭಾವನವರು ಊರಾಚೆ ಅರ್ಧ ಎಕರೆ ಜಮೀನನ್ನೇ ನೋಡಿಟ್ಟಿದ್ದರು. ಮುಂಗಡ ಕೊಡುವ ಹೊತ್ತಿಗೆ ತಿಳಿಯಿತು: ಹೊರದೇಶದಲ್ಲಿರುವ ಭಾರತೀಯರಾಗಲಿ ಓಸಿಐ ಕಾರ್ಡಿನವರಾಗಲಿ ಭಾರತದಲ್ಲಿ ಮನೆ, ಸೈಟು, ಅಂಗಡಿ ಕೊಳ್ಳಬಹುದು; ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಆ ಮಾತು ಬೇರೆ. ಅಲ್ಲಿಗೆ ಅದು ಮುಗಿಯಿತು. ಆಮೇಲೆ ಯೋಚಿಸಿ ನೋಡಿದರೆ, ಊರಿನ ಸೈಟು ನಮಗೆ ಮನಸ್ಸಿನ ನೆಮ್ಮದಿಗೆ ಬೇಕಾಗಿತ್ತೇ ಹೊರತು ತಿಂಗಳ ಬಾಡಿಗೆಗಲ್ಲ. ಎರಡೂ ನ್ಯಾಯವಾದ ಆಸೆಗಳೇ. ಒಂದೇ ದುಡ್ಡಿನಲ್ಲಿ ಎರಡನ್ನೂ ಸಾಧಿಸಹೊರಟರೆ ಎರಡೂ ಕೆಡುತ್ತವೆ.

ಎರಡನೆಯದು ಕ್ಲೀವ್‌ಲ್ಯಾಂಡಿನ ಮನೆ. ಚಿತ್ರಗಳು ಚೆನ್ನಾಗಿದ್ದವು, ಬೆಲೆ ಇಲ್ಲಿಯ ಅರ್ಧಕ್ಕಿಂತ ಕಡಿಮೆ, ಕಾಗದದ ಮೇಲೆ ಬಾಡಿಗೆ ಭರ್ಜರಿ. ತಿಂಗಳ ಬಾಡಿಗೆ ಬೆಲೆಯ ನೂರಕ್ಕೆ ಒಂದರಷ್ಟಿದ್ದರೆ ಒಳ್ಳೆಯ ಮನೆ ಎಂದು ಇಲ್ಲಿ ಒಂದು ಬಾಯಿಲೆಕ್ಕವಿದೆ. ಇದು ಅದನ್ನೂ ಮೀರಿತ್ತು. ಏಜೆಂಟರು "ಬಂದು ನೋಡುವ ಅಗತ್ಯವೇ ಇಲ್ಲ" ಎಂದರು. ಆ ಮಾತಿಗೇ ಯಜಮಾನರಿಗೆ ಅನುಮಾನ ಬಂತು. ಒಂದು ಶನಿವಾರ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಹೋದೆವು. ಮನೆ ಚಿತ್ರದಲ್ಲಿದ್ದಂತೆಯೇ ಇತ್ತು. ಅಕ್ಕಪಕ್ಕದ ಮೂರು ಮನೆಗಳ ಕಿಟಕಿಗೆ ಹಲಗೆ ಹೊಡೆದದ್ದು ಮಾತ್ರ ಚಿತ್ರದಲ್ಲಿ ಇರಲಿಲ್ಲ. ಎದುರು ಮನೆಯ ಮುದುಕರು, ಆ ಮನೆ ಎಂಟು ತಿಂಗಳಿಂದ ಖಾಲಿ ಎಂದರು.

ಕ್ಲೀವ್‌ಲ್ಯಾಂಡಿನಲ್ಲಿ ಒಳ್ಳೆಯ ಬಡಾವಣೆಗಳು ಬೇಕಾದಷ್ಟಿವೆ. ಆ ಊರನ್ನು ದೂರುತ್ತಿಲ್ಲ. ಆದರೆ 1950ರಲ್ಲಿ 9,14,808 ಜನರಿದ್ದ ನಗರದಲ್ಲಿ 2020ರ ಜನಗಣತಿಯ ಹೊತ್ತಿಗೆ ಉಳಿದವರು 3,72,624. ಜನ ಹೋದರು, ಮನೆಗಳು ಹೋಗಲಿಲ್ಲ. ಇಂಥ ಕಡೆ ಬೀದಿ ಬೀದಿಗೂ ವ್ಯತ್ಯಾಸ. ಅದು ಅಲ್ಲಿಯೇ ಬೆಳೆದವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಹಿರಿಯರು ಹೇಳಿದ್ದು ಇಂಥದಕ್ಕೇ.

ಮೂರನೆಯ ಸಲ ನಮ್ಮೂರಲ್ಲೇ ಹುಡುಕಿದೆವು. ಇಲ್ಲಿಯೂ ಒಂದು ಪಾಠವಿದೆ. ಕೊಡಾಕ್ ಕಂಪನಿಯಲ್ಲಿ 1982ರಲ್ಲಿ ಈ ಊರೊಂದರಲ್ಲೇ 60,000ಕ್ಕೂ ಹೆಚ್ಚು ಮಂದಿ ಕೆಲಸ ಮಾಡುತ್ತಿದ್ದರು. 2012ರ ಜನವರಿಯಲ್ಲಿ ಅದೇ ಕಂಪನಿ ದಿವಾಳಿ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. ಫಿಲಂ ರಸಾಯನದಲ್ಲಿ ಜಗತ್ತಿಗೇ ಗುರುಗಳಾಗಿದ್ದ ಜನ ಮನೆಗೆ ಹೋದರು. ಕಾರ್ಖಾನೆಯವರನ್ನೇ ನಂಬಿ ಬಾಡಿಗೆ ಮನೆ ಮಾಡಿಕೊಂಡಿದ್ದ ನೌಕರನಿಗೆ ಸಂಬಳವೂ ಬಾಡಿಗೆಯೂ ಒಟ್ಟಿಗೇ ನಿಂತರೆ ಏನಾಗುತ್ತದೆ, ಯೋಚಿಸಿ. ನಾವೂ ಲ್ಯಾಬಿನ ಸಂಬಳದವರೇ. ಪ್ರತಿ ಡಿಸೆಂಬರಿನಲ್ಲಿ ಯಾವ ವಿಭಾಗ ಮುಚ್ಚುತ್ತದೋ ಎಂಬ ಗುಸುಗುಸು ನಮಗೆ ಹೊಸದಲ್ಲ. ಆದ್ದರಿಂದ ನಮ್ಮ ಲ್ಯಾಬಿನ ಸುತ್ತಮುತ್ತ ಬಿಟ್ಟು, ವಿಶ್ವವಿದ್ಯಾಲಯ ಮತ್ತು ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಬಹುದಾದ ಕಡೆ ನೋಡಿದೆವು. ಅಲ್ಲಿ ನರ್ಸುಗಳು, ವಿದ್ಯಾರ್ಥಿಗಳು, ಅಡಿಗೆಯವರು, ಗುಮಾಸ್ತರು, ಹೀಗೆ ನಾನಾ ಬಗೆಯವರು ಬಾಡಿಗೆಗೆ ಬರುತ್ತಾರೆ. ಒಂದು ಕಡೆ ಕೆಲಸ ಹೋದರೆ ಬೀದಿಯೆಲ್ಲ ಖಾಲಿಯಾಗುವುದಿಲ್ಲ.

ಮನೆ ಸಿಕ್ಕಿತು. 1920ರ ದಶಕದ್ದು. ಎತ್ತರದ ಮರದ ಕಿಟಕಿಗಳು, ಬೆಲೆಯೂ ಸಲೀಸು. ಸಹಿ ಹಾಕುವ ಹಿಂದಿನ ವಾರ ಎಲ್ಲರೂ ನೋಡಲು ಹೋದೆವು. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರು ಎರಡು ವರ್ಷದ ಮೊಮ್ಮಗಳನ್ನು ಕಿಟಕಿಯ ಹತ್ತಿರ ಎತ್ತಿಕೊಂಡು ನಿಂತಿದ್ದರು. ಮಗು ಹಲಗೆಯ ಮೇಲೆ ಕೈಯಾಡಿಸಿ ಬೆರಳು ಬಾಯಿಗಿಟ್ಟುಕೊಳ್ಳಲು ಹೋಯಿತು. ಅವರು ಕೈ ಹಿಡಿದು, "ಏನಮ್ಮಾ ಇದು, ಬಿಳೀ ಪುಡಿ?" ಎಂದರು.

ನಮಗೆ ನಾಚಿಕೆಯಾಯಿತು. ಆ ಪುಡಿ ಏನಿರಬಹುದೆಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಹೊಳೆಯಬೇಕಾದದ್ದು ನಮಗೆ. ಅಮೆರಿಕದಲ್ಲಿ ಮನೆಯ ಬಣ್ಣಕ್ಕೆ ಸೀಸ ಬೆರೆಸುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೆ ಹಿಂದಿನ ಮನೆಗಳಲ್ಲಿ, ಅದರಲ್ಲೂ ಇಷ್ಟು ಹಳೆಯವುಗಳಲ್ಲಿ, ಹೊಸ ಬಣ್ಣದ ಅಡಿಯಲ್ಲಿ ಸೀಸದ ಬಿಳಿ ಕೂತಿರುವುದು ಸಾಮಾನ್ಯ. ಕಿಟಕಿ ಏರಿಸಿ ಇಳಿಸಿದಾಗಲೆಲ್ಲ ಮರಕ್ಕೆ ಮರ ಉಜ್ಜಿ ಧೂಳಾಗುತ್ತದೆ. ತೆವಳುವ ಮಗುವಿನ ಕೈಗೆ ಹತ್ತಿ ಬಾಯಿಗೆ ಹೋಗುತ್ತದೆ, ಬೆಳೆಯುವ ಮಿದುಳಿಗೆ ಪೆಟ್ಟಾಗುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ 3.5 ಮೈಕ್ರೋಗ್ರಾಂ ಸೀಸ ಕಂಡರೇ ಎಚ್ಚರ ವಹಿಸಬೇಕೆಂದು 2021ರಿಂದ ಇಲ್ಲಿಯ ನಿಯಮ; ಇಷ್ಟಾದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ.

ಏಜೆಂಟರು "ಮೇಲೊಂದು ಕೋಟ್ ಬಣ್ಣ ಹೊಡೆದರಾಯಿತು" ಎಂದರು. ಪರಿಚಯದವರೊಬ್ಬರು "ಮಕ್ಕಳಿರುವವರಿಗೆ ಕೊಡಬೇಡಿ, ಮುಗಿಯಿತಲ್ಲ" ಎಂದರು. ನಾವೇ ವಾಸವಿಲ್ಲದ ಇಂಥ ಮನೆಗೆ ಮಕ್ಕಳಿದ್ದಾರೆಂಬ ಕಾರಣಕ್ಕೆ ಬಾಡಿಗೆ ನಿರಾಕರಿಸುವುದು 1988ರ ತಿದ್ದುಪಡಿಯಿಂದೀಚೆಗೆ ಕಾನೂನಿಗೆ ವಿರುದ್ಧ. ಕಾನೂನು ಹಾಗಿರಲಿ, ನಮ್ಮ ಮಗಳ ಕೈ ಹಿಡಿದೆಳೆದು ಇನ್ನೊಬ್ಬರ ಮಗಳಿಗೆ ಅದೇ ಕಿಟಕಿ ಬಾಡಿಗೆಗೆ ಕೊಡುವುದು ಹೇಗೆ?

1978ಕ್ಕೆ ಹಿಂದಿನ ಮನೆ ಕೊಳ್ಳುವವರಿಗೆ ಸೀಸದ ಪರೀಕ್ಷೆ ಮಾಡಿಸಲು ಹತ್ತು ದಿನ ಕಾಲಾವಕಾಶ ಕೊಡಬೇಕೆಂದು ಕೇಂದ್ರ ಸರ್ಕಾರದ ಕಾನೂನೇ ಇದೆ. ಅದನ್ನು ನಾವು ಬೇಡವೆಂದು ಬರೆದುಕೊಡಲು ಹೊರಟಿದ್ದೆವು! ಮತ್ತೆ ಕೇಳಿ ಪಡೆದೆವು. ಧೂಳು ಒರೆಸಿ ಪರೀಕ್ಷೆಗೆ ಕಳಿಸಿದೆವು, ಸೀಸ ಬಂತು. ಮಾಲೀಕರೊಡನೆ ಚೌಕಾಸಿ ಮಾಡಿ ಸ್ವಲ್ಪ ಬೆಲೆ ಇಳಿಸಿಕೊಂಡು, ಪರವಾನಗಿ ಇರುವ ಕೆಲಸಗಾರರಿಂದ ಕಿಟಕಿಗಳನ್ನೆಲ್ಲ ಬದಲಾಯಿಸಿದೆವು. ಇಳಿಸಿಕೊಂಡದ್ದಕ್ಕಿಂತ ಖರ್ಚಾದದ್ದೇ ಹೆಚ್ಚು. ಮೊದಲ ಎರಡು ವರ್ಷ ಒಂದು ಕಾಸೂ ಲಾಭ ಕಾಣಲಿಲ್ಲ. ಆಮೇಲೆ ತಿಳಿಯಿತು, ಬಾಡಿಗೆ ಮನೆಗಳಲ್ಲಿ ಸೀಸದ ತಪಾಸಣೆ ಆಗಬೇಕೆಂದು ಈ ನಗರದವರು 2005ರಲ್ಲೇ ಕಟ್ಟಳೆ ಮಾಡಿ 2006ರಿಂದ ಜಾರಿಗೆ ತಂದಿದ್ದಾರೆ. ಹೇಗಿದ್ದರೂ ಸಿಕ್ಕಿಬೀಳುತ್ತಿದ್ದೆವು. ಊರು ಆರಿಸುವಾಗ ಆ ಊರಿನ ಕಟ್ಟಳೆಯನ್ನೂ ಓದಬೇಕು.

ಈಗ ಲೆಕ್ಕ. ಇದು ಉದಾಹರಣೆ ಮಾತ್ರ, ಆದರೆ ನಾವು ಇಲ್ಲಿ ಕಂಡದ್ದಕ್ಕೆ ಹತ್ತಿರವಾದದ್ದು. ಎರಡು ಸಂಸಾರದ ಮನೆಯ ಬೆಲೆ 1,80,000 ಡಾಲರ್. ತಲಾ 1,100ರಂತೆ ಬಾಡಿಗೆ ವರ್ಷಕ್ಕೆ 26,400. ಖರ್ಚು:

ಒಂದು ತಿಂಗಳು ಖಾಲಿ: 2,200
ಪ್ರಾಪರ್ಟಿ ಟ್ಯಾಕ್ಸ್: 5,000
ವಿಮೆ: 1,800
ನೀರು, ಕಸ: 1,400
ರಿಪೇರಿ, ಮುಂದಿನ ಛಾವಣಿಗೆ ಕೂಡಿಡುವುದು: 4,000

ಒಟ್ಟು 14,400. ಉಳಿದದ್ದು 12,000. ಕಾಲು ಭಾಗ ಕೈಯಿಂದ ಹಾಕಿ 1,35,000 ಸಾಲ ತೆಗೆದರೆ, ನೂರಕ್ಕೆ 7ರ ಬಡ್ಡಿಯಲ್ಲಿ 30 ವರ್ಷದ ಕಂತು ವರ್ಷಕ್ಕೆ ಸುಮಾರು 10,780. ಮಿಕ್ಕಿದ್ದು 1,220. ತಿಂಗಳಿಗೆ ನೂರು ಡಾಲರ್! ಜನವರಿಯ ಚಳಿಯಲ್ಲಿ ಫರ್ನೇಸ್ ಒಂದು ಕೆಟ್ಟರೆ ಅದೂ ಇಲ್ಲ. ಸಾಲದ ಅಸಲು ನಿಧಾನವಾಗಿ ತೀರುತ್ತದೆ. ನೆಲವನ್ನು ಬಿಟ್ಟು ಕಟ್ಟಡದ ಬೆಲೆಯನ್ನು 27.5 ವರ್ಷಗಳಿಗೆ ಹಂಚಿ ಆದಾಯ ತೆರಿಗೆಯಲ್ಲಿ ಸವಕಳಿ ತೋರಿಸಬಹುದು. ಲಾಭವೆಂದರೆ ಹೆಚ್ಚಾಗಿ ಇವೇ.

ಇದೇ ಮನೆ ನಾಲ್ಕು ಗಂಟೆ ದೂರದಲ್ಲಿದ್ದು, ನೋಡಿಕೊಳ್ಳುವವರಿಗೆ ಬಾಡಿಗೆಯ ನೂರಕ್ಕೆ ಹತ್ತು ಕೊಡಬೇಕಾದರೆ 2,640 ಹೋಗುತ್ತದೆ. ಆಗ ವರ್ಷಕ್ಕೆ 1,420 ಕೈಯಿಂದ ಕಟ್ಟಬೇಕು. "ಎಲ್ಲಿ" ಎಂಬ ಪ್ರಶ್ನೆಗೆ ಈ ಒಂದು ಸಾಲೇ ಅರ್ಧ ಉತ್ತರ.

ಮಿಕ್ಕ ಅರ್ಧಕ್ಕೆ ನಮ್ಮ ಪಟ್ಟಿ ಇದು:

1. ಕೆಲಸ ಮುಗಿಸಿ ಅರ್ಧ ಗಂಟೆಯೊಳಗೆ ಹೋಗಿ ಬರುವಂತಿರಲಿ.
2. ಬೀದಿಯನ್ನು ಹಗಲು ಒಮ್ಮೆ, ರಾತ್ರಿ ಎಂಟಕ್ಕೆ ಒಮ್ಮೆ, ಮಳೆಯಲ್ಲಿ ಒಮ್ಮೆ ನಡೆದು ನೋಡಿ. "ಬಾಡಿಗೆಗಿದೆ" ಫಲಕಗಳನ್ನು ಎಣಿಸಿ.
3. ತೆರಿಗೆಯನ್ನು ಏಜೆಂಟರ ಮಾತಿನಿಂದಲ್ಲ, ಊರಿನ ದಾಖಲೆಯಿಂದ ತಿಳಿಯಿರಿ. ನೆರೆ ಬರುವ ಜಾಗವೇ ಎಂದು ಸರ್ಕಾರದ ನಕ್ಷೆಯಲ್ಲಿ ನೋಡಿ.
4. ಹಿಂದಿನ ಎರಡು ಚಳಿಗಾಲದ ಗ್ಯಾಸ್ ಬಿಲ್ಲು ಕೇಳಿ.
5. ಬಾಡಿಗೆಯವರು ಬಹುಪಾಲು ನಿಮ್ಮ ಕಂಪನಿಯವರೇ ಆಗುವ ಕಡೆ ಬೇಡ.
6. ಆರು ತಿಂಗಳ ಕಂತು ಬ್ಯಾಂಕಿನಲ್ಲಿ ಉಳಿಯದಿದ್ದರೆ ಇನ್ನೊಂದು ವರ್ಷ ಕಾಯಿರಿ.

ಇನ್ನೂ ಸ್ವಂತ ಮನೆ ಮಾಡದವರಿಗೆ ಒಂದು ಮಾತು. ಎರಡು ಸಂಸಾರದ ಮನೆ ಕೊಂಡು ಒಂದರಲ್ಲಿ ತಾವೇ ಇರುವುದಾದರೆ, ಎಫ್‌ಎಚ್‌ಎ ಸಾಲಕ್ಕೆ ನೂರಕ್ಕೆ ಮೂರೂವರೆ ಮಾತ್ರ ಕೈಯಿಂದ ಹಾಕಿದರೆ ಸಾಕು; ಕನಿಷ್ಠ ಒಂದು ವರ್ಷ ಅಲ್ಲಿ ಇರಬೇಕು. ಆದರೆ ಗ್ರೀನ್ ಕಾರ್ಡ್ ಇಲ್ಲದೆ ವೀಸಾದ ಮೇಲಿರುವವರಿಗೆ 2025ರ ಮೇ ತಿಂಗಳಿಂದ ಆ ಸಾಲ ನಿಂತಿದೆ. ಅಂಥವರು ಬ್ಯಾಂಕಿನಲ್ಲಿ ಬೇರೆ ಸಾಲ ವಿಚಾರಿಸಬೇಕು.

ನಮ್ಮ ಮನೆಯ ಕೆಳಗಿನ ಭಾಗದಲ್ಲಿ ಈಗ ಒಬ್ಬ ನರ್ಸು, ಅವರ ಯಜಮಾನರು, ಹೋದ ವರ್ಷ ಹುಟ್ಟಿದ ಗಂಡು ಮಗು ಇದ್ದಾರೆ. ನಲ್ಲಿ ಸರಿಮಾಡಲು ಹೋದಾಗ ಮಗು ಕಿಟಕಿ ಹಲಗೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿತ್ತು. ಊರಿಗೆ ಫೋನು ಮಾಡಿದಾಗ ಅತ್ತೆಯವರಿಗೆ ಹೇಳಿದೆವು. "ಬಾಡಿಗೆ ಸರಿಯಾಗಿ ಕೊಡ್ತಾರೋ ಇಲ್ವೋ?" ಎಂದು ಕೇಳಿದರು. ಕೊಡುತ್ತಾರೆ.

ತುಪ್ಪ ಬಡಿಸುವಾಗ ಪ್ರಶ್ನೆ ಕೇಳಿದ ದಂಪತಿಗಳೇ, ಒಂದು ಭಾನುವಾರ ಬನ್ನಿ, ನಮ್ಮ ಮನೆಯ ಲೆಕ್ಕದ ಪುಸ್ತಕವನ್ನೇ ತೋರಿಸುತ್ತೇವೆ. ಬಾಡಿಗೆಯವರನ್ನು ಆರಿಸುವ ಬಗೆ, ಕರಾರು ಪತ್ರ ಬರೆಯುವ ಬಗೆ ಮುಂದಿನ ಸಂಚಿಕೆಗೆ. ಮನೆ ಕೊಂಡು ಕೈ ಸುಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ನಮಗೆ ಬರೆಯಿರಿ, ಹೆಸರು ಹಾಕುವುದಿಲ್ಲ.