ಚೀನೀ ಮೂಲಿಕೆಯ ಕ್ಯಾಪ್ಸೂಲ್, ಹೃದಯದ ಮಾತ್ರೆ: ಜೊತೆಗೆ ಕೊಡಬಹುದೇ?

ಕಳೆದ ತಿಂಗಳು ಡೊಂಬಿವಲಿಯ ಓದುಗರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಡಬ್ಬಿಯ ಫೋಟೊ ಕಳಿಸಿದ್ದರು. ಮೇಲೆಲ್ಲಾ ಚೀನೀ ಲಿಪಿ. ಸಿಂಗಪುರದಲ್ಲಿರುವ ಮಗ ತಂದುಕೊಟ್ಟದ್ದಂತೆ. "ನಮ್ಮವರಿಗೆ ವಾಲ್ವ್ ಆಪರೇಷನ್ ಆಗಿದೆ. ಹಾರ್ಟಿಗೆ ಇದು ಒಳ್ಳೆಯದು ಅಂತ ದೊಡ್ಡ ಅಧ್ಯಯನವೇ ಬಂದಿದೆಯಂತಲ್ಲ, ಕೊಡಬಹುದಾ ಮೇಡಂ?"

ಅಧ್ಯಯನ ಬಂದಿರುವುದು ನಿಜ. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ 'ಜಾಮಾ' ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಚೀನಾದ 124 ಆಸ್ಪತ್ರೆಗಳಲ್ಲಿ, ತೀವ್ರ ಹೃದಯಾಘಾತವಾದ 3,700ಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ 'ಟಾಂಗ್‌ಶಿನ್‌ಲುವೋ' ಕ್ಯಾಪ್ಸೂಲ್, ಉಳಿದವರಿಗೆ ನೋಡಲು ಹಾಗೇ ಇರುವ ಖಾಲಿ ಕ್ಯಾಪ್ಸೂಲ್ ಕೊಟ್ಟರು. ಸಾವು, ಮತ್ತೆ ಹೃದಯಾಘಾತ, ಪಾರ್ಶ್ವವಾಯು ಅಥವಾ ತುರ್ತಾಗಿ ರಕ್ತನಾಳ ತೆರೆಯಬೇಕಾಗಿ ಬರುವುದು, ಇವುಗಳಲ್ಲಿ ಒಂದಾದರೂ 30 ದಿನದೊಳಗೆ ಆದವರು ಖಾಲಿ ಕ್ಯಾಪ್ಸೂಲ್ ಗುಂಪಿನಲ್ಲಿ ಸಾವಿರಕ್ಕೆ 52 ಮಂದಿ, ಔಷಧ ಪಡೆದವರಲ್ಲಿ 34. ಸುದ್ದಿಯಲ್ಲಿ 'ಅಪಾಯ ಶೇ 36ರಷ್ಟು ಕಡಿಮೆ' ಎಂದು ಬಂದದ್ದು ಇದೇ ಲೆಕ್ಕ. ಸಾವಿರದಲ್ಲಿ 18 ಮಂದಿ ಎಂದರೆ ಸಣ್ಣದೇನಲ್ಲ, ಆದರೆ ಶೇ 36 ಎಂದಾಗ ಕಿವಿಗೆ ಬೀಳುವಷ್ಟು ದೊಡ್ಡದೂ ಅಲ್ಲ.

ಹೃದಯ ವೈಫಲ್ಯಕ್ಕೆ 'ಚಿಲಿಚಿಯಾಂಗ್‌ಶಿನ್' ಎಂಬ ಇನ್ನೊಂದು ಕ್ಯಾಪ್ಸೂಲನ್ನೂ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ. ಅಲ್ಲೂ ಲಾಭ ಕಂಡಿತು. ಎರಡೂ ಒಂದೇ ಚೀನೀ ಕಂಪನಿಯ ತಯಾರಿಕೆ.

ಸುದ್ದಿ ಹಂಚುವವರು ಬಿಟ್ಟುಬಿಡುವ ಮಾತು ಒಂದಿದೆ. ಈ ಎರಡೂ ಅಧ್ಯಯನಗಳಲ್ಲಿ ಯಾರ ಮಾಮೂಲಿ ಚಿಕಿತ್ಸೆಯನ್ನೂ ನಿಲ್ಲಿಸಲಿಲ್ಲ. ಕ್ಯಾಪ್ಸೂಲ್ ಅದರ ಮೇಲೆ ಸೇರಿದ್ದು. ಕೊಟ್ಟದ್ದು ನಿಗದಿತ ಪ್ರಮಾಣದ ಒಂದೇ ಉತ್ಪನ್ನ, ಅದೂ ವೈದ್ಯರ ನಿಗಾದಲ್ಲಿ. ಅಂಗಡಿಯಲ್ಲಿ ಸಿಗುವ 'ಹೃದಯದ ಚೀನೀ ಔಷಧ'ಕ್ಕೆಲ್ಲ ಆ ಫಲಿತಾಂಶವನ್ನು ಅಂಟಿಸಲು ಆಗದು.

ಆ ಡಬ್ಬಿಯ ಫೋಟೊವನ್ನು ಅನುವಾದ ಆ್ಯಪ್‌ಗೆ ಹಾಕಿದಾಗ ಸಿಕ್ಕಿದ್ದು ಟಾಂಗ್‌ಶಿನ್‌ಲುವೋ ಅಲ್ಲ, 'ಡಾನ್‌ಶೆನ್' ಎಂಬ ಬೇರಿನ ತಯಾರಿಕೆ. ಯಜಮಾನರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂದು ಕೇಳಿದೆ. ಅಸಿಟ್ರಾಮ್, ಅಂದರೆ ವಾರ್ಫರಿನ್ ಜಾತಿಯ ಮಾತ್ರೆ. ನನಗೆ ಎದೆ ಧಸಕ್ಕೆಂದಿತು. ವಾರ್ಫರಿನ್ ಜೊತೆ ಡಾನ್‌ಶೆನ್ ಸೇರಿದಾಗ ಐಎನ್‌ಆರ್ ಏರಿ ರಕ್ತಸ್ರಾವವಾದ ಪ್ರಕರಣಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಜಿನ್‌ಸೆಂಗ್ ಇದಕ್ಕೆ ತಿರುಗುಮುರುಗು: ಅದು ವಾರ್ಫರಿನ್‌ನ ಪ್ರಭಾವ ತಗ್ಗಿಸಬಹುದು, ಆಗ ಕೃತಕ ವಾಲ್ವ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಭಯ.

ಚಿಲಿಚಿಯಾಂಗ್‌ಶಿನ್‌ನ ಹನ್ನೊಂದು ಮೂಲಿಕೆಗಳಲ್ಲೂ ಡಾನ್‌ಶೆನ್, ಜಿನ್‌ಸೆಂಗ್ ಎರಡೂ ಇವೆ. ಜೊತೆಗೆ ನಮ್ಮ ವತ್ಸನಾಭಿಯ ಬಳಗದ ಒಂದು ಗಡ್ಡೆ (ಸರಿಯಾಗಿ ಸಂಸ್ಕರಿಸದಿದ್ದರೆ ಹೃದಯದ ಬಡಿತವನ್ನೇ ಕೆಡಿಸುವ ವಿಷ), ಮತ್ತು ಡಿಗಾಕ್ಸಿನ್‌ನಂತೆ ಕೆಲಸ ಮಾಡುವ ಅಂಶವಿರುವ ಒಂದು ತೊಗಟೆ. ಮೊದಲೇ ಡಿಗಾಕ್ಸಿನ್ ನುಂಗುತ್ತಿರುವವರು ಇದನ್ನು ತಾವಾಗಿಯೇ ಸೇರಿಸಿಕೊಳ್ಳಲೇಬಾರದು. ಅನೇಕ ಚೀನೀ ಕಷಾಯಗಳಲ್ಲಿ ಜ್ಯೇಷ್ಠಮಧು ಇರುತ್ತದೆ. ಅತಿಯಾದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ನೀರು ಹೊರಹಾಕುವ ಲ್ಯಾಸಿಕ್ಸ್‌ನಂಥ ಮಾತ್ರೆಯೂ ಜೊತೆಗಿದ್ದರೆ ಆ ಇಳಿತ ಇನ್ನೂ ಬೇಗ. ಇದು ಚೀನಾದ್ದೇ ಆಗಬೇಕೆಂದಿಲ್ಲ, ನಮ್ಮ ಮನೆಯ ಜ್ಯೇಷ್ಠಮಧುವಿಗೂ ಇದೇ ಗುಣ. 'ಗಿಡಮೂಲಿಕೆ ತಾನೆ, ಏನೂ ಆಗೊಲ್ಲ' ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಡಿಗಾಕ್ಸಿನ್ ಕೂಡ ಗಿಡದಿಂದ ಬಂದದ್ದೇ.

ಡೊಂಬಿವಲಿಯವರು ಡಬ್ಬಿ ತೆರೆದಿರಲಿಲ್ಲ. ನಿಮ್ಮ ಮನೆಯಲ್ಲಿ ಈಗಾಗಲೇ ಶುರುವಾಗಿದ್ದರೆ ಮುಚ್ಚಿಡಬೇಡಿ. ವೈದ್ಯರು ಬೈದಾರೆಂಬ ಅಂಜಿಕೆಗೆ ಎಷ್ಟೋ ಜನ ಹೇಳುವುದೇ ಇಲ್ಲ. ಅದೇ ದಿನ ಹೃದ್ರೋಗ ವೈದ್ಯರಿಗೆ ಫೋನ್ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆಯ ಡೋಸನ್ನು ನೀವೇ ಹೆಚ್ಚುಕಡಿಮೆ ಮಾಡಬೇಡಿ. ಅಸಿಟ್ರಾಮ್ ಅಥವಾ ವಾರ್ಫರಿನ್ ಇದ್ದರೆ ಐಎನ್‌ಆರ್ ಪರೀಕ್ಷೆ ಬೇಗ ಆಗಬೇಕು. ಮೂಲಿಕೆ ನಿಲ್ಲಿಸಿದ ಮೇಲೂ ಇನ್ನೊಮ್ಮೆ ಬೇಕಾಗುತ್ತದೆ, ಏಕೆಂದರೆ ಆಗ ಐಎನ್‌ಆರ್ ಮತ್ತೆ ಬದಲಾಗಬಹುದು. ಮಲ ಕಪ್ಪಾಗಿ ಹೋದರೆ, ಮೂಗಿನ ರಕ್ತ ನಿಲ್ಲದಿದ್ದರೆ, ಎದೆ ಬಡಿತ ತಪ್ಪಿದಂತೆನಿಸಿದರೆ ಅಥವಾ ತಲೆ ಸುತ್ತಿ ಬಿದ್ದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ಖಾಲಿಯಾಗಿದ್ದರೂ ಸರಿ, ಆ ಡಬ್ಬಿಯನ್ನು ಜೊತೆಗೆ ಒಯ್ಯಿರಿ.