ಮೂಗಿಗೂ ಕೆಲಸ ಕೊಡಿ

ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸಿಐಎಸ್‌ಎಫ್ ನಾಯಿ ಲಗೇಜು ಮೂಸುವುದನ್ನು ಜನ ಬೆರಗಾಗಿ ನೋಡುತ್ತಾರೆ. ಅದೇ ಜನ ದೊಡ್ಡಬಳ್ಳಾಪುರಕ್ಕೋ ಹೊಸಕೋಟೆಗೋ ಮರಳಿ, ಹಗಲಿಡೀ ಗೇಟಿಗೆ ಕಟ್ಟಿಹಾಕಿದ ತಮ್ಮ ನಾಯಿ ಬೊಗಳಿದರೆ ಗದರುತ್ತಾರೆ. ಇದು ಅನ್ಯಾಯ. ವಾಸನೆ ಗ್ರಹಿಸುವ ಕೋಶಗಳು ನಮಗೆ 50–60 ಲಕ್ಷವಿದ್ದರೆ ನಾಯಿಗೆ 20 ಕೋಟಿಗೂ ಹೆಚ್ಚು. ದಾವಣಗೆರೆ ಪೊಲೀಸರ ಡಾಬರ್‌ಮನ್ ತುಂಗಾ 2020ರಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಕೊಲೆ ಆರೋಪಿ ಇದ್ದ ಕಡೆಗೆ ಪೊಲೀಸರನ್ನು ಕರೆದೊಯ್ದಿದ್ದಳು.

ಸಾಕುನಾಯಿಗೂ ಈ ವಿದ್ಯೆ ಕಲಿಸಬಹುದು. ಅಮೆರಿಕದಲ್ಲಿ ಇದು ಸ್ಪರ್ಧೆಯಾಗಿಯೇ ಬೆಳೆದಿದೆ. ಅಲ್ಲಿ ಬಳಸುವ ವಾಸನೆಗಳಲ್ಲಿ ನಮ್ಮ ಲವಂಗವೂ ಒಂದು. ಹತ್ತಿಗೆ ಒಂದು ಹನಿ ಲವಂಗದೆಣ್ಣೆ ತಾಗಿಸಿ, ನಾಯಿ ನೆಕ್ಕದಂತೆ ತೂತಿನ ಡಬ್ಬಿಯಲ್ಲಿ ಮುಚ್ಚಿಟ್ಟು, ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಬಚ್ಚಿಡಬೇಕು. ಪತ್ತೆಯಾದ ಕ್ಷಣವೇ ತಿನಿಸು. ನಮ್ಮ ಮನೆಯ ಬೀದಿತಳಿಯ ಕರಿಯ ವಾಸನೆಯ ಜಾಡು ಹಿಡಿದಾಗ ಬಾಲ ಬಿಗಿಯಾಗುತ್ತದೆ, ಉಸಿರು ಚುರುಕಾಗುತ್ತದೆ, ದಾಟಿಹೋದ ತಲೆ ಗಕ್ಕನೆ ಹಿಂದಕ್ಕೆ ತಿರುಗುತ್ತದೆ. ಆಗ ಹಗ್ಗ ಹಿಡಿದವರು ಬಾಯಿ ಮುಚ್ಚಿ ಕಾಯಬೇಕು. ತರಗತಿ ಬೇಕಿರುವುದು ಮುಖ್ಯವಾಗಿ ಮಾಲೀಕರಿಗೇ! ನಾಯಿಗೆ ಮೂಸುವುದನ್ನು ಯಾರೂ ಕಲಿಸಬೇಕಿಲ್ಲ.

ದುಬಾರಿ ತಳಿ ಬೇಡ, ಮೈದಾನ ಬೇಡ. ಪಶುಪಾಲನಾ ಇಲಾಖೆ ರೇಬೀಸ್ ಲಸಿಕಾ ಶಿಬಿರದ ದಿನವೇ ನೆಲಮಂಗಲದಂಥ ತಾಲ್ಲೂಕು ಕೇಂದ್ರಗಳಲ್ಲಿ ಒಂದು ಗಂಟೆ ಇದನ್ನು ಹೇಳಿಕೊಡಲಿ. ಪೊಲೀಸ್ ಶ್ವಾನದಳದ ನಿವೃತ್ತ ತರಬೇತುದಾರರನ್ನು ಅದಕ್ಕೆ ಕರೆಯಲಿ.