ಕಂಪ್ಲಿಯ ಗೊಬ್ಬರದ ಚೀಲ, ಬೆಲಾರಸ್‌ನ ಜೈಲು

2022ರಲ್ಲಿ ಒಂದು ದಿನ ಅಪ್ಪನ ಜೊತೆ ಕಂಪ್ಲಿಯ ಗೊಬ್ಬರದ ಅಂಗಡಿಗೆ ಹೋಗಿದ್ದೆ. ಹಿಂದಿನ ವರ್ಷ ಸಾವಿರ ರೂಪಾಯಿ ಆಸುಪಾಸಿನಲ್ಲಿದ್ದ ಐವತ್ತು ಕಿಲೋ ಪೊಟ್ಯಾಷ್ ಚೀಲಕ್ಕೆ ಅಂಗಡಿಯವರು 1,700 ರೂಪಾಯಿ ಹೇಳಿದರು. ನಮ್ಮದು ಬಾಳೆ ತೋಟ. ಗೊನೆ ತೂಗಬೇಕೆಂದರೆ ಪೊಟ್ಯಾಷ್ ಬೇಕೇ ಬೇಕು. ಆರು ಚೀಲ ಒಯ್ಯಲು ಬಂದಿದ್ದ ಅಪ್ಪ ನಾಲ್ಕು ತೆಗೆದುಕೊಂಡರು. ಯಾಕಿಷ್ಟು ತುಟ್ಟಿ ಅಂತ ಕೇಳಿದ್ದಕ್ಕೆ ಅಂಗಡಿಯವರು, "ಹೊರದೇಶದಾಗ ಏನೋ ಗಲಾಟೆ ಅಂತ್ರೀ, ಮಾಲೇ ಬರವಲ್ದು" ಅಂದರು.

ಆ ಗಲಾಟೆ ಏನೆಂದು ತಿಳಿದದ್ದು ಹೊಸಪೇಟೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕುಳಿತ ಮೇಲೆ. ನಾವು ಬಳಸುವ ಪೊಟ್ಯಾಷ್ ಅಷ್ಟೂ ಹೊರಗಿನಿಂದಲೇ ಬರಬೇಕು, ನಮ್ಮಲ್ಲಿ ಅದರ ಗಣಿಗಾರಿಕೆ ಇಲ್ಲ. ಯೂರಿಯಾದ ಬೆಲೆಯನ್ನು ಸರ್ಕಾರ ಕಟ್ಟಿಹಾಕಿದೆ. ಪೊಟ್ಯಾಷ್‌ಗೆ ಹಾಗಲ್ಲ, 2010ರಿಂದ ಕಿಲೋಗೆ ಇಷ್ಟು ಎಂದು ಸಬ್ಸಿಡಿ ಮಾತ್ರ ಗೊತ್ತುಮಾಡುತ್ತಾರೆ. ಹೀಗಾಗಿ ವಿದೇಶದಲ್ಲಿ ಏರಿದ ಬೆಲೆ ನೇರ ಕಂಪ್ಲಿಗೆ ಬಂದು ಮುಟ್ಟುತ್ತದೆ. ಜಗತ್ತಿನ ಪೊಟ್ಯಾಷ್ ರಫ್ತಿನಲ್ಲಿ ಸುಮಾರು ಐದನೇ ಒಂದು ಪಾಲು ಬೆಲಾರಸ್ ಎಂಬ ಸಣ್ಣ ದೇಶದ್ದಾಗಿತ್ತು.

ಅಲ್ಲಿ 1994ರಿಂದ ಅಧ್ಯಕ್ಷರಾಗಿರುವವರು ಅಲೆಕ್ಸಾಂಡರ್ ಲುಕಶೆಂಕೊ. ಅಮೆರಿಕ 2004ರಲ್ಲೇ 'ಬೆಲಾರಸ್ ಪ್ರಜಾಪ್ರಭುತ್ವ ಕಾಯ್ದೆ' ಎಂದು ಒಂದು ಕಾಯ್ದೆ ಮಾಡಿತ್ತು. ಪ್ರಜಾಪ್ರಭುತ್ವದ ಪರ ಸಂಘಟನೆಗಳಿಗೆ, ಸ್ವತಂತ್ರ ಮಾಧ್ಯಮಕ್ಕೆ ನೆರವು, ದಮನ ಮಾಡುವವರ ಮೇಲೆ ನಿರ್ಬಂಧ ಅದರ ತಿರುಳು. 2006, 2011 ಮತ್ತು 2020ರಲ್ಲಿ ಅದನ್ನು ತಿದ್ದಿ ಮುಂದುವರಿಸಿದರು. ಆಗಸ್ಟ್ 9, 2020ರ ಚುನಾವಣೆಯಲ್ಲಿ ತಮಗೆ ಶೇ 80 ಮತ ಬಂತೆಂದು ಲುಕಶೆಂಕೊ ಘೋಷಿಸಿಕೊಂಡಾಗ ಜನ ಬೀದಿಗಿಳಿದರು, ಸಾವಿರಾರು ಮಂದಿಯನ್ನು ಬಂಧಿಸಲಾಯಿತು. ಸರಿಯಾಗಿ ಒಂದು ವರ್ಷಕ್ಕೆ, ಆಗಸ್ಟ್ 9, 2021ರಂದು, ಅಮೆರಿಕ ಅಲ್ಲಿನ ಸರ್ಕಾರಿ ಪೊಟ್ಯಾಷ್ ಕಂಪನಿ ಬೆಲಾರಸ್‌ಕಾಲಿಯನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. 2022ರ ಫೆಬ್ರುವರಿ 1ರಿಂದ ಪಕ್ಕದ ಲಿಥುವೇನಿಯಾ ತನ್ನ ರೈಲಿನಲ್ಲಿ ಆ ಮಾಲು ಸಾಗಿಸುವುದನ್ನೇ ನಿಲ್ಲಿಸಿತು. ಸಮುದ್ರವಿಲ್ಲದ ಬೆಲಾರಸ್‌ಗೆ ಬಂದರಿನ ದಾರಿ ಅದೇ ಆಗಿತ್ತು. ಅದೇ ತಿಂಗಳು ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಚೀಲದ ಮೇಲೆ ಏರಿದ 700 ರೂಪಾಯಿಯಲ್ಲಿ ಯುದ್ಧದ್ದೆಷ್ಟು, ನಿರ್ಬಂಧದ್ದೆಷ್ಟು ಎಂದು ಬಿಡಿಸಿ ಹೇಳಲಾಗದು. ಎರಡರದ್ದೂ ಪಾಲಿದೆ.

ಇದನ್ನು ಓದಿದಾಗ ನನಗೆ ಮೊದಲು ನೆನಪಾದವರು ಸಂಡೂರಿನ ಸೋದರಮಾವ. ಅವರು ಅದಿರಿನ ಲಾರಿ ಇಟ್ಟಿದ್ದರು. ಜುಲೈ 29, 2011ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅದಕ್ಕೆ ಎರಡೇ ದಿನ ಮೊದಲು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದಿತ್ತು. ಲೂಟಿ ಹೊಡೆದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ಲಾರಿ ನಿಂತದ್ದು ಮಾವನ ಮನೆ ಮುಂದೆ, ಕಂತು ಕಟ್ಟಲಾಗದೆ ಸಿಕ್ಕ ಬೆಲೆಗೆ ಮಾರಿದ್ದೂ ಅವರೇ. ಹಾಗಿದ್ದರೂ "ನಿಲ್ಲಿಸಿದ್ದು ಛಲೋನೇ ಆತು, ಗುಡ್ಡನಾದ್ರೂ ಉಳೀತು" ಅನ್ನುತ್ತಾರೆ ಮಾವ. ಮುಂದೆ ಕೋರ್ಟೇ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಕಡಿಮೆ ತಪ್ಪಿನ ಗಣಿಗಳಿಗೆ ಷರತ್ತಿನ ಮೇಲೆ ದಾರಿ ಬಿಟ್ಟಿತು. ಏಪ್ರಿಲ್ 2013ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ನಡೆದಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು.

ದೇಶಗಳ ಮೇಲಿನ ನಿರ್ಬಂಧದಲ್ಲೂ ಇಂಥ ವಿಂಗಡಣೆ ಉಂಟು. 2012ರಲ್ಲಿ ರಷ್ಯಾಕ್ಕಾಗಿ ಬಂದು, 2016ರಲ್ಲಿ ಎಲ್ಲ ದೇಶಗಳಿಗೂ ವಿಸ್ತರಿಸಿದ ಅಮೆರಿಕದ ಮ್ಯಾಗ್ನಿಟ್‌ಸ್ಕಿ ಕಾಯ್ದೆ ತಪ್ಪಿತಸ್ಥ ಅಧಿಕಾರಿಯ ವೀಸಾ, ಆಸ್ತಿಗೆ ಕೈಹಾಕುತ್ತದೆ. ಅದರಿಂದ ನಮ್ಮಪ್ಪನ ಚೀಲಕ್ಕೆ ಒಂದು ಪೈಸೆಯೂ ಏರುವುದಿಲ್ಲ. ಸರಕನ್ನೇ ತಡೆದರೆ ಮಾತ್ರ ಬರೆ ಬೀಳುವುದು ಬೇರೆಯವರಿಗೆ. ಆ ಕಾಯ್ದೆ ಮಾಡಿದ ಸಂಸತ್ತಿಗೆ ನಮ್ಮ ಓಟಿಲ್ಲ, ನಮ್ಮನ್ನು ಕೇಳಿದವರೂ ಇಲ್ಲ. ವಿಶ್ವಸಂಸ್ಥೆ ಒಪ್ಪದ ನಿರ್ಬಂಧಗಳಿಗೆ ಭಾರತ ತಾನು ಬದ್ಧನಲ್ಲ ಎನ್ನುವುದು ಇದೇ ಕಾರಣಕ್ಕೆ ಸರಿ ಅಂತ ನನಗೆ ಅನ್ನಿಸಿತ್ತು. (ಪರೀಕ್ಷೆಗೆ ಓದುವವರು ಗಮನಿಸಿ: ನಮ್ಮಲ್ಲಿ ಇದಕ್ಕಿರುವುದು 1947ರ ವಿಶ್ವಸಂಸ್ಥೆ ಭದ್ರತಾ ಮಂಡಳಿ ಕಾಯ್ದೆ.)

ಆದರೆ ನಮ್ಮ ಇತಿಹಾಸವೇ ಈ ವಾದಕ್ಕೆ ಅಡ್ಡ ನಿಲ್ಲುತ್ತದೆ. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ವ್ಯಾಪಾರವನ್ನೇ ನಿಲ್ಲಿಸಿದ ಮೊದಲ ದೇಶ ಭಾರತ. ಅದು 1946ರಲ್ಲಿ, ಯಾರ ಒಪ್ಪಿಗೆಗೂ ಕಾಯದೆ. ಅಮೆರಿಕ ಅಂಥ ಕಾಯ್ದೆ ಮಾಡಲು 1986 ಆಗಬೇಕಾಯಿತು, ಅದೂ ಅಧ್ಯಕ್ಷ ರೇಗನ್ ಅವರ ವಿಟೊ ಮೀರಿ. 1990ರಲ್ಲಿ ಜೈಲಿನಿಂದ ಬಂದ ಮಂಡೇಲಾ ನಿರ್ಬಂಧ ಈಗಲೇ ತೆಗೆಯಬೇಡಿ ಎಂದೇ ಕೇಳಿದರು. ತೊಂದರೆ ಅನುಭವಿಸುತ್ತಿದ್ದ ಜನರ ಕಡೆಯವರೇ ಹಾಗೆ ಕೇಳಿದಾಗ ದೂರದಲ್ಲಿ ಕೂತ ನಾವು ಬೇಡ ಅನ್ನುವುದು ಹೇಗೆ?

2025ರ ಡಿಸೆಂಬರ್‌ನಲ್ಲಿ ಬಂದ ಸುದ್ದಿ ನನ್ನನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿತು. ಅಮೆರಿಕ ಬೆಲಾರಸ್ ಪೊಟ್ಯಾಷ್ ಮೇಲಿನ ನಿರ್ಬಂಧ ತೆಗೆಯಲು ಒಪ್ಪಿತು, ಲುಕಶೆಂಕೊ 123 ಕೈದಿಗಳನ್ನು ಬಿಟ್ಟರು. ಜೈಲಿನಲ್ಲಿದ್ದಾಗಲೇ 2022ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅಲೆಸ್ ಬಿಯಾಲಿಯಾಟ್‌ಸ್ಕಿ ಅವರಲ್ಲೊಬ್ಬರು. ನಾವು ಅಂಗಡಿಯಲ್ಲಿ ಬಿಟ್ಟುಬಂದ ಆ ಎರಡು ಚೀಲಕ್ಕೂ ಅವರ ಬಿಡುಗಡೆಗೂ ಎಲ್ಲೋ ಒಂದು ಎಳೆಯ ನಂಟಿದೆ ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಹಾಗಂತ ಪೂರ್ತಿ ಸಮಾಧಾನವೂ ಇಲ್ಲ. ಅದೇ ವರ್ಷದ ಜನವರಿಯಲ್ಲಿ ಲುಕಶೆಂಕೊ ಏಳನೇ ಬಾರಿಗೆ ಅಧ್ಯಕ್ಷರಾಗಿದ್ದರು, ಕಾಯ್ದೆಯ ಹೆಸರಿನಲ್ಲಿದ್ದ ಪ್ರಜಾಪ್ರಭುತ್ವ ಆ ವ್ಯವಹಾರದಲ್ಲಿ ಎಲ್ಲೂ ಕಾಣಲಿಲ್ಲ. ಮನುಷ್ಯರನ್ನು ಕೊಟ್ಟು ಗೊಬ್ಬರದ ದಾರಿ ಬಿಡಿಸಿಕೊಳ್ಳಬಹುದು ಎಂದು ಗೊತ್ತಾದ ಮೇಲೆ ಇನ್ನಷ್ಟು ಮಂದಿಯನ್ನು ಹಿಡಿದಿಡಲು ಅವರಿಗೆ ಏನಡ್ಡಿ?

ಸುದ್ದಿಯನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಆ ಮನುಷ್ಯ ಎಷ್ಟು ವರ್ಷ ಒಳಗಿದ್ದ ಅಂತ ಕೇಳಿದರು. ನಾಲ್ಕು ವರ್ಷದ ಮೇಲಾಯಿತು ಅಂದೆ. "ಪಾಪ" ಅಂದವರು, ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರ ಈ ಸಲ ಆರು ಚೀಲ ತರಬಹುದಾ?" ಅಂದರು.